ಮಗಳಿಗೊಂದು ಪತ್ರ: ನೀರಗಂಟಿ ಎಂಬ ಹೆಸರು

ಕೋಲಾರ

ಚಿರಂಜೀವಿ ಮಗಳಿಗೆ ಅಪ್ಪನ ಆಶೀರ್ವಾದಗಳು.

ಮೊನ್ನೆ ಫೋನಿನಲ್ಲಿ ನಾವಿಬ್ಬರೂ ಆಡಿದ ಮಾತುಗಳನ್ನು ಮತ್ತೆ ಬರೆಯುವುದಿಲ್ಲ. ಅವು ನಿನಗೂ ನೆನಪಿವೆ, ನನಗೂ ನೆನಪಿವೆ. ನನ್ನ ದನಿ ಏರಿತೆಂದು ನಿನ್ನ ಅಮ್ಮ ಇನ್ನೂ ಮುಖ ಕೊಟ್ಟು ಮಾತನಾಡುತ್ತಿಲ್ಲ. ನಿನಗೆ ನೋವಾಗಿದ್ದರೆ ಅದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ. ಆದರೆ ಅಮೆರಿಕಕ್ಕೆ ಹೊರಡುವ ಮೊದಲು ಪಾಸ್‌ಪೋರ್ಟನ್ನು ಮತ್ತೆ ಮಾಡಿಸಿ, ಖಾಲಿ ಬಿಟ್ಟಿರುವ ಸರ್‌ನೇಮ್ ಜಾಗದಲ್ಲಿ ‘ನೀರಗಂಟಿ’ ಎಂದು ಬರೆಸಿಯೇ ತೀರುತ್ತೇನೆ ಎಂದು ನೀನು ಹಟ ಹಿಡಿದಿರುವುದರಿಂದ, ಆ ಹೆಸರು ಎಲ್ಲಿಂದ ಬಂತು, ಅದು ನಮ್ಮ ಮನೆಯ ಯಾವ ಕಾಗದದಲ್ಲಿಯೂ ಏಕೆ ಇಲ್ಲ ಎಂಬುದನ್ನು ನಿನಗೆ ತಿಳಿಸಬೇಕಾಗಿದೆ.

ವೀಸಾದಲ್ಲಿ ನಿನ್ನ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿ ಕುಳಿತು, ಹೆಸರಿರಬೇಕಾದ ಕಡೆ ‘ಎಫ್‌ಎನ್‌ಯು’ ಎಂದು ಬಂದದ್ದು ನಿನ್ನ ಸಿಟ್ಟಿಗೆ ಕಾರಣ. ಮೊದಲ ಹೆಸರು ತಿಳಿಯದು ಎಂಬುದಕ್ಕೆ ಅವರು ಬಳಸುವ ಸಂಕ್ಷೇಪ ಅದು. ಅದರಲ್ಲಿ ನಮ್ಮ ಕೊರತೆಯೇನೂ ಇಲ್ಲ. ಹಳೇ ಮೈಸೂರು ಸೀಮೆಯವರು ಊರಿನ ಹೆಸರನ್ನೂ ತಂದೆಯ ಹೆಸರನ್ನೂ ಒಂದೊಂದು ಅಕ್ಷರಕ್ಕೆ ಇಳಿಸಿ ತಮ್ಮ ಹೆಸರಿನ ಮುಂದೆ ಇಟ್ಟುಕೊಂಡವರು. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ‘ಮಾಸ್ತಿ’ ನಮ್ಮ ಮಾಲೂರು ತಾಲ್ಲೂಕಿನ ಊರು. ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರ ‘ಮೋಕ್ಷಗುಂಡಂ’ ಈಗಿನ ಆಂಧ್ರದಲ್ಲಿರುವ ಅವರ ಪೂರ್ವಿಕರ ಊರು. ದೇಸಾಯಿ, ಕುಲಕರ್ಣಿ, ನಾಡಗೌಡ ಎಂದು ಹೆಸರಿನ ಕೊನೆಗೆ ಹುದ್ದೆಯನ್ನು ಹಚ್ಚಿಕೊಳ್ಳುವುದು ಉತ್ತರ ಕರ್ನಾಟಕದ ರೂಢಿ. ನಮ್ಮಲ್ಲಿ ತೆಲುಗು ಮನೆಮಾತಿನವರಿಗೆ ಇಂಟಿಪೇರು, ಅಂದರೆ ಮನೆತನದ ಹೆಸರು, ಎಂಬುದೊಂದು ಇದ್ದರೂ, ಸಂಬಂಧ ನೋಡುವಾಗ ಕೇಳಿ ತಿಳಿದುಕೊಳ್ಳುವುದಕ್ಕಷ್ಟೇ ಅದು ಬೇಕಾಗುತ್ತಿತ್ತು. ಶಾಲೆಯ ದಾಖಲೆಯವರೆಗೆ ಅದು ಬರುತ್ತಿದ್ದುದು ಕಡಿಮೆ. ನೀರಗಂಟಿ ಎಂಬುದು ಇಷ್ಟು ಅಪರೂಪದ ಹೆಸರಾಗಿರುವುದಕ್ಕೆ ಇದೂ ಒಂದು ಕಾರಣ. ಕೆರೆಯ ನೀರು ಹಂಚುವ ಆ ಕೆಲಸ ಮಾಡಿದ ಮನೆತನಗಳು ಕೆರೆಯಿದ್ದ ಕಡೆಯಲ್ಲೆಲ್ಲ ಇದ್ದವು. ಹೆಸರು ಕಾಗದಕ್ಕೆ ಏರಲಿಲ್ಲ.

ಎರಡನೆಯ ಕಾರಣ ನಿನಗೆ ಗೊತ್ತಿದೆ. ಪಟೇಲ, ಶಾನುಭೋಗ, ನೀರಗಂಟಿ ಮೂವರೂ ಊರಿನ ಕೆಲಸ ಮಾಡಿ ಬೆಳೆಯಲ್ಲಿ ಪಾಲು ಪಡೆಯುತ್ತಿದ್ದ ಹನ್ನೆರಡು ಮಂದಿ ಆಯಗಾರರ ಪಟ್ಟಿಯಲ್ಲಿದ್ದವರೇ. ಕರ್ನಲ್ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟಿಸಿದ ಮೈಸೂರಿನ ಇತಿಹಾಸದಲ್ಲಿ ಈ ಪಟ್ಟಿಯನ್ನು ಕೊಡುವಾಗ ನೀರಗಂಟಿಯನ್ನೂ ಸೇರಿಸಿದ್ದಾನೆ. ಆದರೆ ಪಟೇಲರ ಮೊಮ್ಮಗ ತನ್ನ ಹೆಸರಿನ ಜೊತೆಗೆ ಪಟೇಲ ಎಂದು ಬರೆದುಕೊಂಡಾಗ ಎದುರಿಗೆ ಕುಳಿತವನು ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಾನೆ. ನಮ್ಮ ಹೆಸರನ್ನು ಕೇಳಿದವನು, ಈ ಸೀಮೆಯಲ್ಲಿ ಆ ಕೆಲಸ ಹೆಚ್ಚಾಗಿ ಯಾರ ಪಾಲಿಗೆ ಇತ್ತು ಎಂಬುದನ್ನು ನೆನಪಿಗೆ ತಂದುಕೊಂಡು ನಮ್ಮ ಕೇರಿ ಯಾವುದೆಂದು ಅಂದಾಜು ಮಾಡುತ್ತಾನೆ.

ನೀರಗಂಟಿ ಎಂದರೆ ಕೆರೆಯ ನೀರನ್ನು ಹಂಚುವವನು. ತಮಿಳು ನಾಡಿನಲ್ಲಿ ಇಂಥವನನ್ನು ನೀರ್‌ಕಟ್ಟಿ ಎನ್ನುತ್ತಾರೆ, ತೆಲಂಗಾಣದಲ್ಲಿ ನೀರಟಿ ಎನ್ನುತ್ತಾರೆ. ವರ್ಷಪೂರ್ತಿ ಹರಿಯುವ ಹೊಳೆಯಿಲ್ಲದ ನಮ್ಮ ಜಿಲ್ಲೆ ಬದುಕಿದ್ದು ಕೆರೆಗಳಿಂದ. ಮಳೆಗಾಲದ ರಾತ್ರಿಗಳಲ್ಲಿ ಏರಿಯ ಮೇಲೆ ನಡೆದು ಎಲ್ಲಿಯಾದರೂ ನೀರು ಜಿನುಗುತ್ತಿದೆಯೇ ಎಂದು ನೋಡುವುದು, ಕೋಡಿ ಬೀಳುವ ಹೊತ್ತಿಗೆ ಊರನ್ನು ಎಚ್ಚರಿಸುವುದು, ಕೆರೆಯಿಂದ ನೀರು ಬಿಡುವ ತೂಬನ್ನು ಎತ್ತುವುದು, ಮುಚ್ಚುವುದು, ಸನಿಕೆ ಹಿಡಿದು ಕಾಲುವೆಯ ಉದ್ದಕ್ಕೂ ಹೋಗಿ ಒಂದೊಂದು ಗದ್ದೆಗೂ ನೀರು ಕಟ್ಟುವುದು, ಇವೆಲ್ಲವೂ ಅವನ ಕೆಲಸಗಳು. ನೀರು ಕಡಿಮೆಯಾದ ವರ್ಷ ಅಚ್ಚುಕಟ್ಟಿನ ಎಷ್ಟು ಭಾಗಕ್ಕೆ ಬತ್ತ, ಎಷ್ಟಕ್ಕೆ ರಾಗಿ ಎಂಬುದನ್ನು ಊರಿನ ಹಿರಿಯರು ತೀರ್ಮಾನಿಸುತ್ತಿದ್ದರು; ಆ ತೀರ್ಮಾನವನ್ನು ಗದ್ದೆಗೆ ಮುಟ್ಟಿಸುವವನು ನೀರಗಂಟಿ. ಅವನ ಹೊರತು ಇನ್ನೊಬ್ಬ ರೈತ ತನ್ನಷ್ಟಕ್ಕೆ ಮಡೆ ತಿರುಗಿಸುವಂತಿರಲಿಲ್ಲ. ತೂಬಿನ ಹತ್ತಿರದ ಗದ್ದೆಯವನು ಎಷ್ಟು ದೊಡ್ಡವನಾಗಿದ್ದರೂ ಕೊನೆಯ ಗದ್ದೆಯ ಸರದಿ ಬಂದಾಗ ಅವನು ಕಾಯಲೇಬೇಕಿತ್ತು.

ನಿನ್ನ ಮುತ್ತಾತ ಇದನ್ನೆಲ್ಲ ಮಾಡಿದವರು. ಅವರನ್ನು ನೆನೆದಾಗ ನನಗೆ ಕಾಣುವುದು ಕೆರೆಯಲ್ಲ, ಕಣ. ಸುಗ್ಗಿಯಲ್ಲಿ ರಾಶಿ ಪೂಜೆಯಾಗಿ ಬತ್ತ ಅಳೆಯುವಾಗ ಆಯಗಾರರೆಲ್ಲರೂ ತಮ್ಮ ತಮ್ಮ ಪಾಲಿಗೆ ಬರುತ್ತಿದ್ದರು. ತಾತ ಕಣದ ಹೊರಗೆ, ಬೇಲಿಯ ಪಕ್ಕ, ನನ್ನ ಕೈ ಹಿಡಿದು ನಿಲ್ಲುತ್ತಿದ್ದರು. ಆ ಬತ್ತಕ್ಕೆ ನೀರುಣಿಸಿದ ಮನುಷ್ಯ ಕಣದ ಒಳಗೆ ಕಾಲಿಡುವಂತಿರಲಿಲ್ಲ. ಮೊರದಲ್ಲಿ ತಂದು ದೂರದಿಂದ ಸುರಿದದ್ದನ್ನು ಅವರು ಪಂಚೆಯ ಸೆರಗು ಒಡ್ಡಿ ಹಿಡಿಯುತ್ತಿದ್ದರು. ಇಡೀ ಕೆರೆಯ ನೀರಿನಲ್ಲಿ ಮುಳುಗಿ ತೂಬು ತೆಗೆಯಬಹುದಾಗಿದ್ದ ಅವರ ಕೈ ಊರ ಬಾವಿಯ ಹಗ್ಗವನ್ನು ಮುಟ್ಟುವಂತಿರಲಿಲ್ಲ. ಕೆರೆಯ ನೀರಿಗೆ ಆಗದ ಮೈಲಿಗೆ ಬಾವಿಯ ನೀರಿಗೆ ಹೇಗಾಗುತ್ತದೆ ಎಂದು ನಾನು ಕೇಳಿದಾಗ ತಾತ ಉತ್ತರ ಕೊಡಲಿಲ್ಲ, ಬೇಗ ನಡೆ ಎಂದರು. ಬೇಲಿಯ ಮುಳ್ಳು, ಕಾಲಡಿಯ ಹುಲ್ಲು, ಒಳಗಿನಿಂದ ಬರುತ್ತಿದ್ದ ನಗು, ನಮ್ಮ ಸರದಿ ಯಾವಾಗಲೂ ಕೊನೆಗೆ ಬರುತ್ತಿದ್ದುದು ಎಲ್ಲವೂ ನೆನಪಿದೆ. ಎಲ್ಲರ ಸರದಿಯನ್ನೂ ಕಾಪಾಡಿದವನ ಸರದಿ ಕೊನೆಗೆ! ಇದನ್ನು ನಿನಗೆ ಮೊದಲೂ ಹೇಳಿದ್ದೇನೆ, ನೀನು ಇನ್ನು ಸಾಕು ಅಪ್ಪ ಎಂದಿದ್ದೆ. ಆದರೂ ಆ ಹೆಸರನ್ನು ಯಾರಾದರೂ ಗಟ್ಟಿಯಾಗಿ ಕೂಗಿದರೆ ನಾನು ಈಗಲೂ ಮೊದಲು ಆ ಬೇಲಿಯ ಪಕ್ಕಕ್ಕೇ ಹೋಗಿ ನಿಲ್ಲುತ್ತೇನೆ.

ಇದೆಲ್ಲ ಕಾನೂನು ಬಂದ ಮೇಲೂ ನಡೆಯುತ್ತಿತ್ತು ಎಂಬುದನ್ನು ಗಮನಿಸು. ಗ್ರಾಮ ಹುದ್ದೆಗಳ ರದ್ದತಿ ಅಧಿನಿಯಮ 1961ರದು, ಜಾರಿಗೆ ಬಂದದ್ದು 1963ರ ಫೆಬ್ರವರಿ 1ರಂದು. ವಂಶಪಾರಂಪರ್ಯದ ಪಟೇಲಿಕೆ, ಶಾನುಭೋಗಿಕೆಗಳ ಜೊತೆಗೆ ನಮ್ಮ ಹುದ್ದೆಯೂ ಹೋಯಿತು. ಅದಕ್ಕೆ ಅಂಟಿದ್ದ ಇನಾಂ ಜಮೀನನ್ನು ಸರ್ಕಾರ ವಶಕ್ಕೆ ತೆಗೆದುಕೊಂಡು ಹುದ್ದೆಯಲ್ಲಿದ್ದವರಿಗೇ ಮರುಮಂಜೂರು ಮಾಡುವ ವ್ಯವಸ್ಥೆಯಾಯಿತು. ತಾಲ್ಲೂಕು ಕಚೇರಿಯಲ್ಲಿ ಕೆಲಸ ಮಾಡುವಾಗ ರೆಕಾರ್ಡ್ ರೂಮಿನ ಹಳೆಯ ಪುಸ್ತಕವೊಂದರಲ್ಲಿ ‘ನೀರಗಂಟಿ ಇನಾಂ’ ಎಂಬ ನಮೂದಿನ ಎದುರಿಗೆ ತಾತನ ಹೆಸರನ್ನು ಕಂಡು ಆ ದಿನವೆಲ್ಲ ನಾನು ಎದೆಯುಬ್ಬಿಸಿಕೊಂಡೇ ಓಡಾಡಿದೆ. ಜೊತೆಯವರಿಗೆ ಮಾತ್ರ ತೋರಿಸಲಿಲ್ಲ.

ನಿನ್ನನ್ನು ಶಾಲೆಗೆ ಸೇರಿಸುವಾಗ ಆ ಹೆಸರನ್ನು ಬರೆಸದೆ ಇದ್ದದ್ದು ಇದೇ ಕಾರಣಕ್ಕೆ. ಅದು ಸರಿಯಾದ ತೀರ್ಮಾನವೆಂದೇ ಇಂದಿಗೂ ತಿಳಿದಿದ್ದೇನೆ. ನಿನ್ನ ಅಂಕಗಳನ್ನು ನೋಡಿದ ಮೇಲೆ ಬೇಕಾದರೆ ನಿನ್ನ ಕುಲ ಕೇಳಲಿ, ಅದಕ್ಕೆ ಮೊದಲು ಬೇಡ ಎಂಬುದಷ್ಟೇ ನನ್ನ ಲೆಕ್ಕವಾಗಿತ್ತು. ಅಮೆರಿಕದಲ್ಲಿ ಇದನ್ನೆಲ್ಲ ಯಾರು ಕೇಳುತ್ತಾರೆ ಎಂದು ನೀನು ನಕ್ಕೆ. ಸಿಯಾಟಲ್ ನಗರಸಭೆ 2023ರಲ್ಲಿ ಜಾತಿಯ ಹೆಸರಿನ ತಾರತಮ್ಯವನ್ನು ನಿಷೇಧಿಸಿತು. ಆ ದೇಶದಲ್ಲಿ ಹಾಗೆ ಮಾಡಿದ ಮೊದಲ ನಗರ ಅದು. ಕೇಳುವವರು ಯಾರೂ ಇಲ್ಲದಿದ್ದರೆ ಅಂಥ ಕಾನೂನು ಏಕೆ ಬೇಕಾಗುತ್ತಿತ್ತು? ಅಲ್ಲಿ ನಿನ್ನ ಪಕ್ಕದ ಕುರ್ಚಿಯಲ್ಲಿ ಕೂರುವವರು ನಮ್ಮ ಕಡೆಯವರೇ ಆಗಿರಬಹುದು, ಅವರಿಗೆ ಈ ಹೆಸರಿನ ಅರ್ಥ ಚೆನ್ನಾಗಿ ಗೊತ್ತಿರಬಹುದು. ಆದ್ದರಿಂದ ಮೊದಲು ಓದಿನ ಕಡೆ ಗಮನ ಕೊಡು, ಯಾರೊಡನೆಯೂ ವಾದಕ್ಕೆ ಇಳಿಯಬೇಡ, ಬಾಡಿಗೆಯ ಮನೆಯನ್ನು ವಿಚಾರಿಸಿಯೇ ಹಿಡಿ, ರಾತ್ರಿ ಹೊತ್ತು ಒಬ್ಬಳೇ ಓಡಾಡಬೇಡ. ಮಾತು ಎಲ್ಲಿಂದ ಎಲ್ಲಿಗೋ ಹೋಯಿತು, ಇರಲಿ.

ನೀನು ಆ ಹೆಸರನ್ನು ಇಟ್ಟುಕೊಳ್ಳುವುದೇ ಆದರೆ, ಅದನ್ನು ಬರಿಯ ನೋವಿನ ಗುರುತಾಗಿ ಇಟ್ಟುಕೊಳ್ಳಬೇಡ ಎಂಬುದು ನನ್ನ ಕೋರಿಕೆ. ತಾತನಿಗೆ ಅವಮಾನವಾದದ್ದು ನಿಜ. ಅವರಿಗೆ ಕಸುಬು ಗೊತ್ತಿತ್ತು ಎಂಬುದೂ ಅಷ್ಟೇ ನಿಜ. ಆ ಕಸುಬಿಗೆ ಈಗ ಜಾಗ ಉಳಿದಿಲ್ಲ. 2018ರಿಂದ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ ನಮ್ಮ ಕೆರೆಗಳಿಗೆ ಬರುತ್ತಿದೆ. ಆದರೆ ಆ ನೀರು ಅಂತರ್ಜಲಕ್ಕೆಂದು ಕೆರೆಯಲ್ಲೇ ನಿಲ್ಲಬೇಕಾದದ್ದು, ತೂಬು ಎತ್ತಿ ಗದ್ದೆಗೆ ಬಿಡುವುದಕ್ಕಲ್ಲ. ಹಣವಿದ್ದವನು ಸಾವಿರ ಅಡಿಗೂ ಮೀರಿ ಕೊಳವೆಬಾವಿ ಕೊರೆಸಿ ತನ್ನ ಪಾಲನ್ನು ತಾನೇ ಎತ್ತಿಕೊಳ್ಳುತ್ತಾನೆ. ಸರದಿಯ ಮಾತೇ ಇಲ್ಲ.

ನಿನ್ನ ಅಮ್ಮ ನಿನ್ನ ಕಡೆಗೇ ಇದ್ದಾಳೆ, ಅದನ್ನೂ ತಿಳಿಸಿಬಿಡುತ್ತೇನೆ. ಅರ್ಜಿ ಹಾಕುವ ಮೊದಲು ಪಾಸ್‌ಪೋರ್ಟ್ ಕಚೇರಿಯಲ್ಲಿ ಏನೇನು ದಾಖಲೆ ಕೇಳುತ್ತಾರೆಂದು ವಿಚಾರಿಸು, ಹೆಸರು ಬದಲಾದರೆ ಈಗಾಗಲೇ ಸಿಕ್ಕಿರುವ ವೀಸಾಕ್ಕೆ ತೊಂದರೆಯಾಗುತ್ತದೆಯೇ ಎಂಬುದನ್ನೂ ಖಚಿತಪಡಿಸಿಕೋ. ಇಂಗ್ಲಿಷಿನಲ್ಲಿ ಬರೆಯುವಾಗ ‘ನೀ’ಗೆ ಎರಡು ಇ ಹಾಕುತ್ತೀಯೋ ಒಂದು ಐ ಹಾಕುತ್ತೀಯೋ ಈಗಲೇ ತೀರ್ಮಾನಿಸಿ ಎಲ್ಲ ಕಡೆಯೂ ಹಾಗೆಯೇ ಬರೆ; ಒಂದಕ್ಷರ ಹೆಚ್ಚುಕಡಿಮೆಯಾದರೂ ಜನ ಎಷ್ಟು ಅಲೆಯಬೇಕಾಗುತ್ತದೆ ಎಂಬುದನ್ನು ನಾನು ಕಚೇರಿಯ ಮೇಜಿನ ಈಚೆಯಿಂದ ನೋಡಿದ್ದೇನೆ. ಇನಾಂ ಜಮೀನಿನ ಮರುಮಂಜೂರಾತಿ ಆದೇಶದ ದೃಢೀಕೃತ ನಕಲಿಗೆ ನಿನ್ನೆಯೇ ಅರ್ಜಿ ಕೊಟ್ಟು ಬಂದಿದ್ದೇನೆ. ಅದರಲ್ಲಿ ತಾತನ ಹೆಸರಿನ ಜೊತೆಗೆ ಆ ಹೆಸರೂ ಇದೆ. ಬಂದ ಕೂಡಲೇ ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸುತ್ತೇನೆ.

ಇಂತಿ ನಿನ್ನ,
ಅಪ್ಪ