ಟೆನಿಸ್ ಆಡಿದ ಕೈಗೆ ಎಂಥ ಪ್ಯಾಡಲ್?

ಮಾನ್ಯ ಸಂಪಾದಕರೇ,

ಬೆಂಗಳೂರಿನ ಬಡಾವಣೆಗಳಲ್ಲಿ ಕಾವೇರಿದ್ದ ಪಿಕಲ್‌ಬಾಲ್ ಆಟ ಈಗ ತುಮಕೂರಿಗೂ ಕಾಲಿಟ್ಟಿದೆ. ತೂತುಗಳಿರುವ ಪ್ಲಾಸ್ಟಿಕ್ ಚೆಂಡನ್ನು ಪ್ಯಾಡಲ್ ಎಂಬ ಗಟ್ಟಿ ಬ್ಯಾಟಿನಿಂದ ನೆಟ್ ದಾಟಿಸುವ ಆಟವಿದು. ಇದರ ಅಂಕಣ ಬ್ಯಾಡ್ಮಿಂಟನ್ ಡಬಲ್ಸ್ ಅಂಕಣದಷ್ಟೇ, ಅಂದರೆ 44 ಅಡಿ ಉದ್ದ, 20 ಅಡಿ ಅಗಲ ಇರುವುದರಿಂದ, ಹೊಸ ಜಾಗ ಹುಡುಕದೆ ಇದ್ದ ಗೆರೆಗಳ ನಡುವೆಯೇ ಟೇಪ್ ಅಂಟಿಸಿ ಆಡಲು ಅನುಕೂಲವಾಗಿದೆ. ಹೀಗೆ ಬರುತ್ತಿರುವವರಲ್ಲಿ ವರ್ಷಾನುಗಟ್ಟಲೆ ಟೆನಿಸ್ ಆಡಿ, ಮಂಡಿಯೋ ಭುಜವೋ ಮುನಿಸಿಕೊಂಡ ಮೇಲೆ ಈ ಕಡೆ ಹೊರಳಿದವರು ಬಹಳ ಮಂದಿ. ಅವರು ಮೊದಲ ಪ್ಯಾಡಲ್ ಕೊಳ್ಳುವಾಗ ಅಂಗಡಿಯಲ್ಲಿರುವ ಅತ್ಯಂತ ಉದ್ದದ, ಭಾರದ, ‘ಪವರ್’ ಎಂದು ಮುದ್ರಿಸಿಕೊಂಡದ್ದನ್ನೇ ಆರಿಸಿ ತರುವುದನ್ನು ಕಾಣುತ್ತಿರುವ ನಾನು, ಅದೇ ಬಳಗದವನಾಗಿ ಈ ಕುರಿತು ನಾಲ್ಕು ಮಾತು ಬರೆಯುತ್ತಿದ್ದೇನೆ.

ಟೆನಿಸ್ ಆಡಿದವರಿಗೆ ಬಲವನ್ನು ಪ್ಯಾಡಲ್ ಒದಗಿಸಬೇಕಾಗಿಲ್ಲ. ಅದು ಅವರ ತೋಳಿನಲ್ಲೇ ಇದೆ. ಅವರಿಗೆ ಹೊಸದಾಗಿ ಕಲಿಯಬೇಕಾಗಿರುವುದು ನೆಟ್‌ನ ಎರಡೂ ಬದಿಯ 7 ಅಡಿ ಜಾಗದೊಳಗೆ, ಎಂದರೆ ವಾಲಿ ಮಾಡಲು (ಚೆಂಡು ನೆಲಕ್ಕೆ ಬೀಳುವ ಮೊದಲೇ ಹೊಡೆಯಲು) ಅವಕಾಶವಿಲ್ಲದ ‘ಕಿಚನ್’ನೊಳಗೆ, ಚೆಂಡನ್ನು ಮೆಲ್ಲಗೆ ಇಳಿಸುವ ಕೆಲಸ, ಅಂದರೆ ಡಿಂಕ್. ನಮ್ಮೊಡನೆ ಆಡುವ ಹಿರಿಯರೊಬ್ಬರ ಫೋರ್‌ಹ್ಯಾಂಡ್ ಇಂದಿಗೂ ನೋಡುವಂತಿದೆ. ಆದರೆ ಅವರು ಡಿಂಕ್ ಮಾಡಿದರೆ ಸಾಕು, ಚೆಂಡು ನೆಟ್‌ನಿಂದ ಒಂದಡಿ ಮೇಲೆದ್ದು ನೇರ ಎದುರಾಳಿಯ ಎದೆಮಟ್ಟಕ್ಕೆ ಹೋಗುತ್ತದೆ, ಅಲ್ಲಿಗೆ ಆ ಅಂಕ ಮುಗಿಯುತ್ತದೆ. ಅವರ ಕೈಯಲ್ಲಿರುವುದು 13 ಮಿಲಿಮೀಟರ್ ದಪ್ಪದ ಪ್ಯಾಡಲ್. ರ‍್ಯಾಕೆಟ್ಟಿನ ತಂತಿ ಹಿಗ್ಗಿ ಚೆಂಡನ್ನು ಅರೆಗಳಿಗೆ ಹಿಡಿದಿಟ್ಟು ಬಿಡುತ್ತದೆ. ಪ್ಯಾಡಲ್‌ಗೆ ತಂತಿಯಿಲ್ಲ, ಗಟ್ಟಿ ಹಾಳೆಗಳೆರಡರ ನಡುವೆ ಜೇನುಗೂಡಿನಂಥ ಪಾಲಿಪ್ರೊಪಿಲೀನ್ ತಿರುಳಿದೆ, ಅಷ್ಟೆ. ಆ ತಿರುಳು ತೆಳುವಾದಷ್ಟೂ ಚೆಂಡು ಬೇಗ ಚಿಮ್ಮುತ್ತದೆ, ದಪ್ಪವಾದಷ್ಟೂ ಪೆಟ್ಟಿನ ವೇಗವನ್ನು ನುಂಗಿಕೊಳ್ಳುತ್ತದೆ. ಹಾಗಾಗಿ ಟೆನಿಸ್‌ನಿಂದ ಬಂದವರ ಮೊದಲ ಪ್ಯಾಡಲ್ 16 ಮಿಲಿಮೀಟರ್‌ನದೇ ಇರಲಿ ಎಂಬುದು ನನ್ನ ಖಚಿತ ಅಭಿಪ್ರಾಯ.

ತೂಕದ ವಿಷಯದಲ್ಲಿ ಆಗುವ ಎಡವಟ್ಟು ಇನ್ನೂ ಹೆಚ್ಚು. 27 ಇಂಚು ಉದ್ದದ, ಸುಮಾರು 300 ಗ್ರಾಂ ತೂಗುವ ರ‍್ಯಾಕೆಟ್ ಹಿಡಿದು ಪಳಗಿದ ಕೈಗೆ ಯಾವ ಪ್ಯಾಡಲ್ ಹಿಡಿದರೂ ಮಕ್ಕಳ ಆಟಿಕೆ ಅನ್ನಿಸುವುದು ಸಹಜ. ಆದ್ದರಿಂದಲೇ 240 ಗ್ರಾಂ ಮೀರಿದ್ದು ‘ಸರಿಯಾಗಿ ಕೂರುತ್ತದೆ’ ಎಂದು ಭಾಸವಾಗುತ್ತದೆ. ಆದರೆ ಇಲ್ಲಿ ಡಬಲ್ಸ್ ಆಡುವ ನಾಲ್ವರೂ ಕಿಚನ್ ಗೆರೆಗೆ ಬಂದು ನಿಂತಾಗ ನಡುವೆ ಉಳಿಯುವುದು ಕೇವಲ 14 ಅಡಿ. ಅಷ್ಟು ಹತ್ತಿರದಿಂದ ಬರುವ ವಾಲಿಗೆ ಭಾರದ ಪ್ಯಾಡಲ್ ತಡವಾಗಿಯೇ ಎದ್ದೇಳುತ್ತದೆ. ಮೊದಲೇ ಟೆನಿಸ್ ಎಲ್ಬೋ (ಮೊಣಕೈ ನೋವು) ಇದ್ದವರ ಪಾಡು ಹೇಳತೀರದು. 210 ಗ್ರಾಂಗಿಂತ ಹಗುರವಾದದ್ದೂ ಬೇಡ, ಏಕೆಂದರೆ ಜೋರಾಗಿ ಬೀಸುವವರ ಕೈಯಲ್ಲಿ ಅದು ಚೆಂಡು ಅಂಚಿಗೆ ತಗುಲಿದಾಗಲೆಲ್ಲ ತಿರುಚಿಕೊಳ್ಳುತ್ತದೆ. 220ರಿಂದ 230 ಗ್ರಾಂ ಒಳಗಿನದನ್ನು ಕೊಂಡು, ಕೆಲವು ವಾರ ಆಡಿದ ಮೇಲೂ ತೂಕ ಸಾಲದೆನ್ನಿಸಿದರೆ ರ‍್ಯಾಕೆಟ್ಟಿಗೆ ಹಚ್ಚುತ್ತಿದ್ದ ಸೀಸದ ಟೇಪನ್ನೇ ಅಂಚಿಗೆ ಹಚ್ಚಿಕೊಳ್ಳಬಹುದು. ಕೊಂಡ ಮೇಲೆ ತೂಕ ಕೂಡಿಸಬಹುದೇ ಹೊರತು ಕಳೆಯಲಾಗದು.

ಇನ್ನು ಆಕಾರ. ನಿಯಮದಂತೆ ಪ್ಯಾಡಲ್‌ನ ಉದ್ದ 17 ಇಂಚು ಮೀರುವಂತಿಲ್ಲ, ಉದ್ದ ಅಗಲ ಕೂಡಿ 24 ಇಂಚು ದಾಟುವಂತಿಲ್ಲ. ಆದುದರಿಂದ ಉದ್ದ ಬೇಕೆಂದರೆ ಅಗಲ ಬಿಟ್ಟುಕೊಡಲೇಬೇಕು. ಹದಿನಾರೂವರೆ ಇಂಚಿನ ಉದ್ದನೆಯ ಪ್ಯಾಡಲ್ ಟೆನಿಸ್ ಆಟಗಾರರಿಗೆ ಕೈಗೆಟಕುವ ದೂರವನ್ನೂ, ಚೆಂಡನ್ನು ಮುಂದಕ್ಕೆ ತಿರುಗಿಸುವ ಟಾಪ್‌ಸ್ಪಿನ್‌ಗೆ ಬೇಕಾದ ಬೀಸನ್ನೂ ಕೊಡುತ್ತದೆ ನಿಜ. ಆದರೆ ಚೆಂಡು ಚೆನ್ನಾಗಿ ಕೂರುವ ಜಾಗ ಕಿರಿದಾಗುತ್ತದೆ. ಎರಡು ಕೈಯ ಬ್ಯಾಕ್‌ಹ್ಯಾಂಡ್ ಆಡುವವರು ಉದ್ದನೆಯ ಮುಖಕ್ಕಿಂತ ಉದ್ದನೆಯ ಹಿಡಿಯನ್ನು ಮೊದಲು ನೋಡಬೇಕು. ಹಿಡಿ ಐದೂವರೆ ಇಂಚಾದರೂ ಇಲ್ಲದಿದ್ದರೆ ಎಡಗೈಯ ಎರಡು ಬೆರಳು ಹಿಡಿಯಿಂದಾಚೆ ಪ್ಯಾಡಲ್‌ನ ಮುಖದ ಮೇಲೇ ಕೂರಬೇಕಾಗುತ್ತದೆ. ಒಂದೇ ಕೈಯಲ್ಲಿ ಸ್ಲೈಸ್ ಮಾಡುವ ಹಳೆಯ ಪಟ್ಟಿನವರಿಗೆ ಈ ಚಿಂತೆಯಿಲ್ಲ. ಅವರು 16 ಇಂಚು ಉದ್ದ, 8 ಇಂಚು ಅಗಲದ ಸಾಮಾನ್ಯ ಪ್ಯಾಡಲ್‌ನಲ್ಲೇ ಸುಖವಾಗಿರಬಹುದು.

ಹಿಡಿಯ ಸುತ್ತಳತೆ ಹೆಚ್ಚಿನವುಗಳಲ್ಲಿ 4ರಿಂದ ನಾಲ್ಕೂಕಾಲು ಇಂಚು ಇದ್ದು, ಟೆನಿಸ್‌ನಲ್ಲಿ ದಪ್ಪ ಹಿಡಿ ಬಳಸಿದವರಿಗೆ ತೆಳುವೆನ್ನಿಸಿದರೆ ಕಿಟ್ ಚೀಲದಲ್ಲಿರುವ ಓವರ್‌ಗ್ರಿಪ್ ಒಂದು ಸುತ್ತಿದರೆ ಸಾಕು. ಮುಖಕ್ಕೆ ಒರಟು ಮೈಯ ಕಾರ್ಬನ್ ಫೈಬರ್ ಇದ್ದರೆ ಸ್ಪಿನ್ ಮಾಡಿ ರೂಢಿಯಾದ ಕೈಗೆ ಒಗ್ಗುತ್ತದೆ, ಆ ಒರಟು ಆಡುತ್ತಾ ಆಡುತ್ತಾ ಸವೆಯುತ್ತದೆ ಎಂಬುದು ತಿಳಿದಿರಲಿ. ಬೂಟು ಹೊಸದು ಬೇಕಿಲ್ಲ, ಟೆನಿಸ್ ಬೂಟೇ ಸಾಕು.

ಇಷ್ಟನ್ನು ತಿಳಿದು ಅಂಗಡಿಗೆ ಹೋದರೂ ಪ್ರಯೋಜನವಾಗುವುದು ಕಷ್ಟ. ನಗರದ ಒಂದು ಕ್ರೀಡಾ ಸಾಮಗ್ರಿ ಅಂಗಡಿಯಲ್ಲಿ ನಾನು ಪ್ಯಾಡಲ್‌ನ ದಪ್ಪವೆಷ್ಟು ಎಂದು ಕೇಳಿದ್ದಕ್ಕೆ, ‘ಇದು ಕಾರ್ಬನ್ ಸಾರ್’ ಎಂಬ ಉತ್ತರ ಬಂತು. ತೂಕ ಕೇಳಿದ್ದಕ್ಕೂ ಅದೇ ಉತ್ತರ. ಸಾವಿರಾರು ರೂಪಾಯಿ ತೆತ್ತು ಕೊಳ್ಳುವ ವಸ್ತುವಿನ ಮೇಲೆ ಗ್ರಾಂ ಎಷ್ಟು, ಮಿಲಿಮೀಟರ್ ಎಷ್ಟು ಎಂದು ಚೀಟಿ ಅಂಟಿಸುವುದು ಮಾರುವವರ ಕನಿಷ್ಠ ಹೊಣೆ. ಅಂಕಣ ನಡೆಸುವವರು ಗಂಟೆಯ ಲೆಕ್ಕದಲ್ಲಿ ಬಾಡಿಗೆ ಪಡೆಯುತ್ತಿರುವುದರಿಂದ, ಹದಿಮೂರರದೊಂದು, ಹದಿನಾರರದೊಂದು, ಉದ್ದ ಹಿಡಿಯದೊಂದು ಪ್ಯಾಡಲ್ಲನ್ನು ಪರೀಕ್ಷಿಸಿ ನೋಡುವವರಿಗಾಗಿ ಇಟ್ಟರೆ ಅವರಿಗೂ ನಷ್ಟವಿಲ್ಲ. ಹಾಗೆ ಸಿಕ್ಕಾಗ ಕೊಳ್ಳಬಯಸುವವರು ಬೇಸ್‌ಲೈನ್‌ನಿಂದ ಬಾರಿಸಿ ನೋಡದೆ, ಕಿಚನ್ ಗೆರೆಯ ಬಳಿ ನಿಂತು ಹತ್ತು ನಿಮಿಷ ಬರೀ ಡಿಂಕ್ ಮಾಡಿ ನೋಡಲಿ.

ತಮ್ಮ ವಿಶ್ವಾಸಿ,
ಹಳೆಯ ಟೆನಿಸ್ ಆಟಗಾರ, ತುಮಕೂರು