ಬರ್ಲಿನ್ನಿನ ಆ ಗೆಳತಿಗೆ

ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕುವುದಿಲ್ಲ. ಹೊಸದಾಗಿ ಬಂದವರಿಗೆಲ್ಲ ನೀವು ಮೊದಲು ತೋರಿಸುವುದು ಅಂಚೆಪೆಟ್ಟಿಗೆಯನ್ನು. ಅದರ ಮೇಲೆ ನಮ್ಮ ಹೆಸರಿಲ್ಲದಿದ್ದರೆ ಬ್ಯಾಂಕ್ ಕಾರ್ಡು, ತೆರಿಗೆ ಸಂಖ್ಯೆಯ ಕಾಗದ ಎಲ್ಲಕ್ಕೂ ಬಂದ ದಾರಿಗೆ ಸುಂಕವಿಲ್ಲ! ಮನೆ ಸೇರಿದ 14 ದಿನದೊಳಗೆ ವಿಳಾಸ ನೋಂದಣಿ. ಅದಕ್ಕೆ ಬಾಡಿಗೆ ಕರಾರು ಸಾಲದು, ಮನೆ ಕೊಟ್ಟವರು ಸಹಿ ಹಾಕಿದ ದೃಢೀಕರಣ ಪತ್ರವೇ ಬೇಕು. ಈ ಒಂದು ಹಾಳೆಯಿಲ್ಲದೆ ಎಷ್ಟು ಜನ ಕೌಂಟರಿನಿಂದ ವಾಪಸಾಗುತ್ತಾರೋ. ಕಾಗದದ ರೈಲು ಟಿಕೆಟ್ಟಿಗೆ ಪ್ಲಾಟ್‌ಫಾರ್ಮಿನ ಯಂತ್ರದಲ್ಲಿ ಮುದ್ರೆ ಬೀಳದಿದ್ದರೆ 60 ಯೂರೊ ದಂಡ. ನೀರಿನ ಖಾಲಿ ಪ್ಲಾಸ್ಟಿಕ್ ಬಾಟಲಿ ಜಜ್ಜಿದರೆ ಅದನ್ನು ವಾಪಸು ಪಡೆಯುವ ಯಂತ್ರಕ್ಕೆ ಬಾರ್‌ಕೋಡ್ ಓದಲಾಗದೆ, ಕೊಳ್ಳುವಾಗ ಕಟ್ಟಿದ 25 ಸೆಂಟ್ ಠೇವಣಿ ಕೈತಪ್ಪಬಹುದು. ಭಾನುವಾರ ಅಂಗಡಿಗಳಿಗೆ ಬೀಗ, ಹಾಲು ಮೊಸರು ಶನಿವಾರವೇ. ಇದನ್ನೆಲ್ಲ ಬೇಸರವಿಲ್ಲದೆ ಹೇಳಿ, ರಜೆ ಹಾಕಿ ಕಚೇರಿಗೂ ಜೊತೆಗೆ ಬರುತ್ತೀರಲ್ಲ, ಅದಕ್ಕೆ ನಮ್ಮೆಲ್ಲರ ಧನ್ಯವಾದ.