ಬರ್ನರ್ ಅವರ ಜೀವನಕಥೆ ಕನ್ನಡದಲ್ಲಿ ಮುಗಿಯಿತು, ಕೈಹಿಡಿದ ಎಲ್ಲರಿಗೂ ಧನ್ಯವಾದ

ಸ್ನೇಹಿತರೇ, ಕೊನೆಯ ಅಧ್ಯಾಯ ಮುಗಿಯಿತು. ಹಾಗ್‌ಬಾರ್ಡ್ ಎಮಾನುಯೆಲ್ ಬರ್ನರ್ ಅವರ ಬದುಕಿನ ಕಥೆ ಈಗ ಪೂರ್ತಿಯಾಗಿ ಕನ್ನಡದಲ್ಲಿದೆ. ಓಸ್ಲೋಗೆ ಬಂದು ನೆಲೆಸಿದ ಮೇಲೆ ನಾನು ಕೈಹಚ್ಚಿದ ಕೆಲಸಗಳಲ್ಲಿ ಇದಕ್ಕಿಂತ ದೊಡ್ಡದು ಇನ್ನೊಂದಿಲ್ಲ. ನಡುವೆ ಅಪ್ಪನಿಗೆ ಪಾರ್ಶ್ವವಾಯು ಆಗಿ ಶಿರಸಿಗೆ ಓಡಬೇಕಾಯಿತು, ತಿಂಗಳುಗಟ್ಟಲೆ ಒಂದು ಸಾಲೂ ಬರೆಯಲು ಆಗಲಿಲ್ಲ. ಇಷ್ಟಾದರೂ ಕೆಲಸ ದಡ ಮುಟ್ಟಿತು ಅಂದರೆ ಅದಕ್ಕೆ ಎಷ್ಟೋ ಜನ ಕಾರಣ. ಅವರಿಗೆಲ್ಲ ಒಂದೊಂದಾಗಿ ಹೇಳುವುದಕ್ಕಿಂತ ಇಲ್ಲೇ ಎಲ್ಲರ ಎದುರಿಗೆ ಹೇಳಿಬಿಡೋಣ ಅನ್ನಿಸಿತು.

ಮೊದಲು, ಯಾರು ಈ ಬರ್ನರ್ ಅಂತ ಕೇಳುವವರಿಗೆ ಒಂದೆರಡು ಮಾತು. ಓಸ್ಲೋದಲ್ಲಿ ಇರುವವರಿಗೆ ಆ ಹೆಸರು ಕೇಳಿದ ಕೂಡಲೇ ಕಾರ್ಲ್ ಬರ್ನರ್ಸ್ ಪ್ಲಾಸ್ ನೆನಪಾಗುತ್ತದೆ. ಅಲ್ಲೊಂದು ಮೆಟ್ರೋ ಸ್ಟೇಷನ್ ಇದೆ, ನಮ್ಮ ಕನ್ನಡದವರೂ ದಿನಾ ಹತ್ತಿ ಇಳಿಯುತ್ತಾರೆ. ಆ ಕಾರ್ಲ್ ಬೇರೆ, 1905ರಲ್ಲಿ ನಾರ್ವೆ ಸ್ವೀಡನ್‌ನಿಂದ ಬೇರೆಯಾದಾಗ ಇಲ್ಲಿನ ಸಂಸತ್ತಿನ ಅಧ್ಯಕ್ಷರಾಗಿದ್ದವರು. ನಾನು ಬರೆದದ್ದು ಹಾಗ್‌ಬಾರ್ಡ್ ಬಗ್ಗೆ. ಹುಟ್ಟಿದ್ದು 1839ರ ಸೆಪ್ಟೆಂಬರ್ 12ರಂದು, ಬೆಟ್ಟಗಳ ನಡುವಿನ ಸುಂಡಾಲ್‌ನಲ್ಲಿ. ಓದಿದ್ದು ಕಾನೂನು. ದಾಗ್‌ಬ್ಲಾದೆ ಪತ್ರಿಕೆಯ ಮೊದಲ ಸಂಪಾದಕ, ಆಮೇಲೆ ವೆನ್‌ಸ್ಟ್ರೆ ಅನ್ನುವ ಉದಾರವಾದಿ ಪಕ್ಷದ ಸಂಸದ, ಸರ್ಕಾರದ ಖರ್ಚುವೆಚ್ಚ ತಪಾಸಣೆ ಮಾಡುವ ಲೆಕ್ಕಪರಿಶೋಧಕ, ನಾರ್ವೆಯ ಮಹಿಳಾ ಹಕ್ಕುಗಳ ಸಂಘದ ಮೊದಲ ಅಧ್ಯಕ್ಷ. 1920ರ ಜನವರಿಯಲ್ಲಿ ತೀರಿಕೊಂಡರು. ಇಷ್ಟೆಲ್ಲ ಮಾಡಿದ ಮನುಷ್ಯನ ಹೆಸರು ಇಲ್ಲಿನವರಿಗೂ ಜಾಸ್ತಿ ಗೊತ್ತಿಲ್ಲ. ನನಗೆ ಅದೇ ಸಂಕಟ.

ಮೊದಲ ಧನ್ಯವಾದ ನಮ್ಮ ಮೇಲಿನ ಮಹಡಿಯ ಅಜ್ಜಿಗೆ. ಅವರು ನಿವೃತ್ತ ಟೀಚರ್. ಆ ಕಾಲದ ಎಷ್ಟೋ ಪತ್ರಿಕೆ, ಪುಸ್ತಕಗಳು ಗೋಥಿಕ್ ಅಚ್ಚಿನಲ್ಲಿವೆ. ಭಾಷೆಯೂ ಈಗಿನ ನಾರ್ವೇಜಿಯನ್ ಅಲ್ಲ, ಹೆಚ್ಚುಕಡಿಮೆ ಡ್ಯಾನಿಶ್. ನಾನು ಕ್ಲಾಸಿಗೆ ಹೋಗಿ ಕಲಿತ ನಾರ್ವೇಜಿಯನ್ ಇಟ್ಟುಕೊಂಡು ಅದನ್ನು ಓದುವುದು ಆಗದ ಮಾತು. ಅಜ್ಜಿ ಪುಟವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿಕೊಂಡು ಬಾ ಅಂದರು. ಸಾಲಿನ ಕೆಳಗೆ ಮರದ ಸ್ಕೇಲ್ ಇಟ್ಟು, ಒಂದೊಂದೇ ಅಕ್ಷರ ತೋರಿಸುತ್ತಾ ಓದಿಸಿದರು. ಆ ಅಚ್ಚಿನಲ್ಲಿ ಉದ್ದದ ಎಸ್‌ಗೂ ಎಫ್‌ಗೂ ಇರುವ ವ್ಯತ್ಯಾಸ ಒಂದು ಸಣ್ಣ ಅಡ್ಡಗೆರೆ ಅಷ್ಟೇ, ಎಫ್‌ನಲ್ಲಿ ಗೆರೆ ಆ ಕಡೆ ದಾಟುತ್ತದೆ, ಎಸ್‌ನಲ್ಲಿ ದಾಟುವುದಿಲ್ಲ. ದೊಡ್ಡಕ್ಷರದ ಬಿ ಮತ್ತು ವಿ ಅಂತೂ ಅವಳಿ ಮಕ್ಕಳ ಹಾಗೆ. ಒಂದು ಚಳಿಗಾಲ ಪೂರ್ತಿ ಸಂಜೆ ಹೊತ್ತು ಅವರ ಅಡುಗೆಮನೆಯ ಮೇಜಿನ ಮೇಲೆ ಇದೇ ಕೆಲಸ. ಒಂದು ದಿನವೂ ಬೇಸರ ತೋರಿಸಲಿಲ್ಲ. ಅಜ್ಜಿ, ನೀವು ಕಲಿಸದೇ ಇದ್ದಿದ್ದರೆ ಈ ಪುಸ್ತಕದ ಮೊದಲ ಪುಟವೂ ಇರುತ್ತಿರಲಿಲ್ಲ. ಇದನ್ನು ನಿಮಗೆ ನಾನೇ ಕೂತು ಓದಿ ಅರ್ಥ ಹೇಳುತ್ತೇನೆ.

ಎರಡನೆಯದು ನ್ಯಾಷನಲ್ ಲೈಬ್ರರಿಯವರಿಗೆ. ಈ ದೇಶದಲ್ಲಿ ಹಳೆಯ ಪತ್ರಿಕೆ, ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಜನರಿಗೆ ಸಿಗುವ ಹಾಗೆ ಇಟ್ಟಿದ್ದಾರೆ. ನನ್ನಂಥ ಹೊರಗಿನವಳು ಹೋಗಿ ಕೇಳಿದರೂ ಏನು ಬೇಕು, ಯಾವ ವರ್ಷದ್ದು ಬೇಕು ಅಂತ ಕೂತು ಹುಡುಕಿಕೊಟ್ಟರು. ಅವರು ಹುಡುಕಿಕೊಟ್ಟದ್ದರಿಂದಲೇ 1869ರಿಂದ 1879ರವರೆಗಿನ ಸಂಪಾದಕ ಬರ್ನರ್ ನನ್ನ ಕಣ್ಣಿಗೆ ಕಟ್ಟಿದ್ದು.

ಆ ಹತ್ತು ವರ್ಷದ ಬಗ್ಗೆ ಸ್ವಲ್ಪ ಹೇಳಲೇಬೇಕು. ಆಗ ರಾಜಧಾನಿಯ ಹೆಸರು ಕ್ರಿಸ್ಟಿಯಾನಿಯಾ. ನಾರ್ವೆಗೆ ತನ್ನದೇ ಸಂವಿಧಾನ, ತನ್ನದೇ ಸಂಸತ್ತು ಇತ್ತು, ಆದರೆ ರಾಜ ಮಾತ್ರ ಸ್ವೀಡನ್ನಿನವನು. ಮಂತ್ರಿಗಳನ್ನು ನೇಮಿಸುವವನು ಅವನೇ. ಆ ಮಂತ್ರಿಗಳು ಸಂಸತ್ತಿಗೆ ಬಂದು ಕೂರುತ್ತಿರಲಿಲ್ಲ, ಜನರ ಪ್ರತಿನಿಧಿಗಳ ಮುಖ ನೋಡಿ ಉತ್ತರ ಹೇಳುವ ಅಗತ್ಯವೇ ಅವರಿಗೆ ಇರಲಿಲ್ಲ. ಸಂಸತ್ತಿನಲ್ಲಿ ಸುಧಾರಣೆಯ ಕಡೆಯವರ ನಾಯಕ ಯೋಹಾನ್ ಸ್ವೆರ್ಡ್ರುಪ್ ಮತ್ತು ಅವರ ಜೊತೆಗಾರರು ಇದನ್ನು ಬದಲಾಯಿಸಬೇಕು ಅಂತ ಹಟ ಹಿಡಿದರು. 1869ರಲ್ಲಿ ಸಂಸತ್ತು ಪ್ರತಿವರ್ಷ ಸೇರಬೇಕು ಅಂತ ತೀರ್ಮಾನವಾಯಿತು, ಅಲ್ಲಿಯ ತನಕ ಮೂರು ವರ್ಷಕ್ಕೊಮ್ಮೆ ಸೇರುವ ಪದ್ಧತಿ ಇತ್ತು. ಆಮೇಲೆ ಮಂತ್ರಿಗಳು ಸಂಸತ್ತಿಗೆ ಬರಬೇಕು ಅನ್ನುವ ತಿದ್ದುಪಡಿ. ಅದನ್ನು 1872ರಿಂದ 1880ರ ತನಕ ಸಂಸತ್ತು ಮತ್ತೆ ಮತ್ತೆ ಪಾಸ್ ಮಾಡಿತು, ಅರಮನೆ ಮತ್ತೆ ಮತ್ತೆ ತಿರಸ್ಕರಿಸಿತು.

ಈ ಜಗ್ಗಾಟ ನಡೆಯುವಾಗ ರಾಜಧಾನಿಯಲ್ಲಿ ದೊಡ್ಡ ದನಿ ಇದ್ದದ್ದು ಮೊರ್ಗನ್‌ಬ್ಲಾದೆ ಅನ್ನುವ ಪತ್ರಿಕೆಗೆ. ಅದರ ಸಂಪಾದಕ ಕ್ರಿಸ್ಟಿಯಾನ್ ಫ್ರಿಯೆಲೆ, ಹಳೆಯ ವ್ಯವಸ್ಥೆಯ ಪರ, ಬರೆದರೆ ಎದುರಿನವರಿಗೆ ಉರಿ ಹತ್ತಬೇಕು ಅಂಥ ಲೇಖನಿ. ಅವರ ಎದುರು ಹೊಸ ಪತ್ರಿಕೆ ದಾಗ್‌ಬ್ಲಾದೆ. 1869ರ ಜನವರಿ 2ರಂದು ಮೊದಲ ಸಂಚಿಕೆ ಬಂತು, ಆಗ ಬರ್ನರ್‌ಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಸುಧಾರಣೆಯ ಕಡೆಯವರಿಗೆ ರಾಜಧಾನಿಯಲ್ಲಿ ಒಂದು ದಿನಪತ್ರಿಕೆ ಸಿಕ್ಕಿತು. ಆ ಕುರ್ಚಿಯಲ್ಲಿ ಹತ್ತು ವರ್ಷ ಕೂರುವುದು ಅಂದರೆ ಸುಮ್ನೆ ಅಲ್ಲ. ಪತ್ರಿಕೆ ಇವತ್ತಿಗೂ ಬರುತ್ತಿದೆ, ಅದನ್ನು ಕೊಳ್ಳುವವರಲ್ಲಿ ಎಷ್ಟು ಜನಕ್ಕೆ ಮೊದಲ ಸಂಪಾದಕನ ಹೆಸರು ಗೊತ್ತೋ ಕಾಣೆ.

ಸಾಮ್‌ಲಾಗೆ ಅನ್ನುವ ಪ್ರಕಾಶನ ಸಂಸ್ಥೆಯ ಬಗ್ಗೆ ಬರೆದ ಅಧ್ಯಾಯಕ್ಕೆ ನಿಮ್ಮಿಂದ ಬಂದಷ್ಟು ಕಾಗದಗಳು ಬೇರೆ ಯಾವುದಕ್ಕೂ ಬರಲಿಲ್ಲ. ಕನ್ನಡದವರಲ್ವಾ, ತಾಯಿನುಡಿಯ ವಿಷಯ ಬಂದರೆ ನಮಗೆ ಕರುಳು ಚುರ್ ಅನ್ನುತ್ತದೆ. ನಾನೂರು ವರ್ಷ ಡೆನ್ಮಾರ್ಕಿನ ಕೈಕೆಳಗಿದ್ದು ನಾರ್ವೆಯವರ ಬರವಣಿಗೆಯೆಲ್ಲ ಡ್ಯಾನಿಶ್ ಆಗಿಬಿಟ್ಟಿತ್ತು. ಇವಾರ್ ಓಸೆನ್ ಹಳ್ಳಿಹಳ್ಳಿ ತಿರುಗಿ ಜನ ಆಡುವ ಮಾತನ್ನು ಕೂಡಿಹಾಕಿ ಒಂದು ಬರಹದ ನುಡಿ ಕಟ್ಟಿದರು. ಆ ನುಡಿಯಲ್ಲಿ ಪುಸ್ತಕ ತರುವುದಕ್ಕೆ ಅಂತಲೇ 1868ರಲ್ಲಿ ಸಾಮ್‌ಲಾಗೆ ಶುರುವಾಯಿತು, ಅದನ್ನು ಕಟ್ಟಿದವರಲ್ಲಿ ಬರ್ನರ್ ಒಬ್ಬರು. ಈಗಲೂ ಅದು ದೊಡ್ಡ ಪ್ರಕಾಶನ. ಧಾರವಾಡದಿಂದ ಬರೆದ ಹಿರಿಯರೊಬ್ಬರು 1890ರಲ್ಲಿ ಶುರುವಾದ ಕರ್ನಾಟಕ ವಿದ್ಯಾವರ್ಧಕ ಸಂಘವನ್ನು ನೆನೆದು ನಾಲ್ಕು ಪುಟ ಬರೆದು ಕಳಿಸಿದ್ದರು. ಸರ್, ಆ ಕಾಗದವನ್ನು ಎತ್ತಿಟ್ಟುಕೊಂಡಿದ್ದೇನೆ. ಅದನ್ನು ಓದಿದ ಮೇಲೆ ಆ ಅಧ್ಯಾಯವನ್ನು ಇನ್ನಷ್ಟು ವಿವರವಾಗಿ ಬರೆಯುವ ಧೈರ್ಯ ಬಂತು.

ಅಪ್ಪನ ವಿಷಯಕ್ಕೆ ಬರುತ್ತೇನೆ. ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ತಮ್ಮನದು, ಹಗಲು ನನ್ನದು. ಮನೆಗೆ ಕರೆತಂದ ಮೇಲೆ ಅಪ್ಪನಿಗೆ ಮಾತು ಸ್ವಲ್ಪ ಸ್ವಲ್ಪವೇ ಮರಳಿತು. ಒಂದು ಮಧ್ಯಾಹ್ನ ಅವರೇ ಕೇಳಿದರು, ಆ ಹುಡುಗಿಯ ಪರೀಕ್ಷೆ ಏನಾಯಿತು ಅಂತ. ನಾನು ಬರೆಯುವುದನ್ನು ಅಲ್ಲಿಗೆ ನಿಲ್ಲಿಸಿದ್ದೆ, ಸೆಸಿಲಿಯೆ ತೋರೆಸೆನ್ ಕಥೆಯ ನಡುವೆ. ಅಪ್ಪ ಕೇಳಿದ್ದಕ್ಕೇ ಮತ್ತೆ ಲ್ಯಾಪ್‌ಟಾಪ್ ತೆಗೆದೆ. ರಾತ್ರಿ ನಿದ್ದೆಗೆಟ್ಟರೂ ತಮ್ಮ ಹಗಲು ಹೊತ್ತು ಕೂಡ ಒಂದೆರಡು ಗಂಟೆ ಅಪ್ಪನ ಹತ್ತಿರ ಇದ್ದು, ನೀನು ಬರಿ ಅಕ್ಕಾ ಅಂತ ಒಳಗೆ ಕಳಿಸುತ್ತಿದ್ದ. ಅವನಿಗೆ ಧನ್ಯವಾದ ಹೇಳಿದರೆ ಬೈಯುತ್ತಾನೆ, ಆದರೂ ಹೇಳುತ್ತಿದ್ದೇನೆ.

ಆ ಹುಡುಗಿಯ ಕಥೆ ಹೀಗಿದೆ. ಸೆಸಿಲಿಯೆಗೆ ವಿಶ್ವವಿದ್ಯಾಲಯದಲ್ಲಿ ಓದುವ ಆಸೆ. ಅದಕ್ಕೆ ಮೊದಲು ಪ್ರವೇಶಕ್ಕೆ ಬೇಕಾದ ಪರೀಕ್ಷೆ ಪಾಸಾಗಬೇಕು. 1880ರಲ್ಲಿ ಅರ್ಜಿ ಹೋಯಿತು. ಕಾನೂನಿನ ಪ್ರಕಾರ ಅದು ಗಂಡಸರಿಗೆ ಮಾತ್ರ, ಆಗುವುದಿಲ್ಲ ಅಂತ ಉತ್ತರ ಬಂತು. ಪಕ್ಕದ ಡೆನ್ಮಾರ್ಕಿನಲ್ಲಿ 1875ರಿಂದಲೇ ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾಲಯದ ಬಾಗಿಲು ತೆರೆದಿತ್ತು, ಇಲ್ಲಿ ಇಲ್ಲ. ಬರ್ನರ್ ಆಗ ಸಂಸದರು. ಈ ವಿಷಯ ಕಿವಿಗೆ ಬಿದ್ದ ಮೇಲೆ ಪತ್ರಿಕೆಯಲ್ಲಿ ಒಂದು ಖಾರವಾದ ಲೇಖನ ಬರೆಸಿ ಅವರು ಸುಮ್ಮನಾಗಬಹುದಿತ್ತು. ಅವರು ಖಾಸಗಿ ಮಸೂದೆ ತಂದರು. 1882ರ ಜೂನ್‌ನಲ್ಲಿ ಕಾನೂನು ಬದಲಾಯಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಸೆಸಿಲಿಯೆ ಕಾರ್ಲ್ ಯೋಹಾನ್ ಬೀದಿಯ ವಿಶ್ವವಿದ್ಯಾಲಯಕ್ಕೆ ಸೇರಿದರು, ನಾರ್ವೆಯ ಮೊದಲ ವಿದ್ಯಾರ್ಥಿನಿ. ಆದರೂ ಪದವಿ ಪರೀಕ್ಷೆಗೆ ಕೂರುವ ಹಕ್ಕು ಹೆಂಗಸರಿಗೆ ಸಿಗುವುದಕ್ಕೆ 1884 ಬರಬೇಕಾಯಿತು. 1912ರಲ್ಲಿ ಅದೇ ವಿಶ್ವವಿದ್ಯಾಲಯದಲ್ಲಿ ಕ್ರಿಸ್ಟೀನೆ ಬೊನ್ನೆವಿ ದೇಶದ ಮೊದಲ ಮಹಿಳಾ ಪ್ರೊಫೆಸರ್ ಆದರು. ಬರ್ನರ್ ಅದನ್ನು ಕಣ್ಣಾರೆ ಕಂಡರು. ಅವರು ಮಾಡಿದ ಕೆಲಸಗಳಲ್ಲೆಲ್ಲ ನನಗೆ ಈ ಮಸೂದೆಯೇ ದೊಡ್ಡದು, ಪತ್ರಿಕೆಗಿಂತಲೂ ದೊಡ್ಡದು.

ಇದನ್ನು ಅಪ್ಪನಿಗೆ ಓದಿ ಹೇಳಿದಾಗ, ಅರ್ಜಿ ಕೊಟ್ಟ ಆ ಹುಡುಗಿಯದೂ ದೊಡ್ಡ ಮನಸ್ಸು ಅಂದರು. ಹೌದು ಅಪ್ಪ. ಅದನ್ನೂ ಸೇರಿಸಿದ್ದೇನೆ.

1884ರ ಅಧ್ಯಾಯವನ್ನು ಓಸ್ಲೋಗೆ ವಾಪಸ್ ಬಂದ ಮೇಲೆ ಬರೆದೆ. ಆ ಹೊತ್ತಿಗೆ ನಮ್ಮ ಅತ್ತೆ ಮೈಸೂರಿನಿಂದ ಬಂದು ಮಗಳನ್ನು, ಅಡುಗೆಯನ್ನು, ನನ್ನನ್ನು ಮೂರನ್ನೂ ನೋಡಿಕೊಂಡರು. ಚಳಿಗೆ ಮೊಣಕಾಲು ಹಿಡಿದುಕೊಂಡರೂ ಬೆಳಿಗ್ಗೆ ನನಗಿಂತ ಮೊದಲು ಏಳುತ್ತಿದ್ದರು. ನಮ್ಮವರು ಪ್ರತಿ ಕರಡನ್ನೂ ಓದಿ, ಎಲ್ಲಿ ಅರ್ಥವಾಗಲಿಲ್ಲವೋ ಅಲ್ಲಿ ಪೆನ್ಸಿಲ್ಲಿನಲ್ಲಿ ಒಂದು ಸೊನ್ನೆ ಹಾಕಿ ಕೊಡುತ್ತಿದ್ದರು. ಅತ್ತೆ, ನಿಮ್ಮಿಬ್ಬರ ಋಣ ದೊಡ್ಡದು.

ಆ ವರ್ಷ ಇಲ್ಲಿ ಏನೇನೆಲ್ಲ ಆಯಿತು ನೋಡಿ. ಮಂತ್ರಿಗಳ ಮೇಲೆ ಮಹಾಭಿಯೋಗ ನಡೆದು ಪ್ರಧಾನಿ ಸೆಲ್ಮರ್ ಅವರ ಸರ್ಕಾರ ಬಿತ್ತು. ಜೂನ್ 26ರಂದು ಸ್ವೆರ್ಡ್ರುಪ್ ಪ್ರಧಾನಿಯಾದರು. ಸರಿಯಾಗಿ ಎರಡು ದಿನ ಬಿಟ್ಟು, ಜೂನ್ 28ರಂದು, ಗೀನಾ ಕ್ರೋಗ್ ಮತ್ತು ಬರ್ನರ್ ಮುಂದೆ ನಿಂತು ಮಹಿಳಾ ಹಕ್ಕುಗಳ ಸಂಘ ಕಟ್ಟಿದರು. ಮೊದಲ ಅಧ್ಯಕ್ಷ ಬರ್ನರ್. ಹೆಂಗಸರ ಸಂಘಕ್ಕೆ ಗಂಡಸು ಯಾಕೆ ಅಧ್ಯಕ್ಷ ಅಂತ ನಿಮ್ಮಲ್ಲಿ ಕೆಲವರು ಕೇಳಿದ್ದೀರಿ, ನ್ಯಾಯವಾದ ಪ್ರಶ್ನೆ. ನನ್ನ ಉತ್ತರ ಇಷ್ಟೇ. ಆಗ ಹೆಂಗಸರಿಗೆ ಮತವೂ ಇಲ್ಲ, ಸಂಸತ್ತಿನೊಳಗೆ ಜಾಗವೂ ಇಲ್ಲ, ಮದುವೆಯಾದವಳಿಗೆ ತನ್ನ ದುಡಿಮೆಯ ಹಣದ ಮೇಲೂ ಹಿಡಿತ ಇಲ್ಲ, ಆ ಹಿಡಿತ ಸಿಕ್ಕಿದ್ದೇ 1888ರ ಕಾನೂನಿನಿಂದ. ಕಾನೂನು ಮಾಡುವ ಮನೆಯೊಳಗೆ ಹೋಗಿ ಮಾತಾಡಬಲ್ಲ ಒಬ್ಬರು ಬೇಕಿತ್ತು. ಅವರು ಆ ಕುರ್ಚಿಯಲ್ಲಿ ತಳವೂರಲಿಲ್ಲ, ಮರುವರ್ಷವೇ ಅನ್ನಾ ಸ್ಟಾಂಗ್ ಅಧ್ಯಕ್ಷೆಯಾದರು. ಮತದಾನದ ಹಕ್ಕು ಕೇಳುವುದಕ್ಕೆ ಸಂಘದಲ್ಲೇ ಅನೇಕರು ಹಿಂದೇಟು ಹಾಕಿದಾಗ ಗೀನಾ ಕ್ರೋಗ್ 1885ರಲ್ಲಿ ಅದಕ್ಕಾಗಿಯೇ ಬೇರೆ ಸಂಘ ಶುರು ಮಾಡಿದರು. ಮತ ಎಲ್ಲ ಹೆಂಗಸರಿಗೂ ಸಿಕ್ಕಿದ್ದು 1913ರಲ್ಲಿ, ಗೀನಾ, ಬರ್ನರ್ ಇಬ್ಬರೂ ಬದುಕಿರುವಾಗಲೇ.

ವಾರವಾರ ಓದಿ, ತಪ್ಪು ತಿದ್ದಿ, ನಾನು ಊರಿಗೆ ಹೋದಾಗ ಅಪ್ಪ ಹೇಗಿದ್ದಾರೆ ಅಂತ ವಿಚಾರಿಸಿ, ಬರೆಯಿರಿ ಅಂತ ಒತ್ತಾಯ ಮಾಡದೆ ಕಾದ ನಿಮ್ಮೆಲ್ಲರಿಗೂ ಕೈಮುಗಿದು ಧನ್ಯವಾದ. ನಿಮ್ಮಲ್ಲಿ ಹೆಚ್ಚಿನವರ ಮುಖ ನಾನು ನೋಡಿಲ್ಲ. ಹಾವೇರಿಯ ಕಾಲೇಜಿನ ಹುಡುಗಿಯೊಬ್ಬಳು ಈ ಅಧ್ಯಾಯಗಳನ್ನು ತನ್ನ ಹಾಸ್ಟೆಲ್ ಗೆಳತಿಯರಿಗೆ ಓದಿ ಹೇಳುತ್ತಿದ್ದಳಂತೆ, ಅದು ಗೊತ್ತಾದ ದಿನ ಕಣ್ಣು ತುಂಬಿ ಬಂತು.

ಇನ್ನು ಮುಂದಿನ ಕೆಲಸ. ಎಲ್ಲ ಅಧ್ಯಾಯಗಳನ್ನೂ ಸೇರಿಸಿ ಪುಸ್ತಕ ಮಾಡುತ್ತಿದ್ದೇನೆ. ನಾರ್ವೇಜಿಯನ್ ಹೆಸರುಗಳನ್ನು ಕನ್ನಡದಲ್ಲಿ ಬರೆದ ರೀತಿಯನ್ನು ಮೇಲಿನ ಮಹಡಿಯ ಅಜ್ಜಿಯ ಹತ್ತಿರ ಇನ್ನೊಮ್ಮೆ ಹೇಳಿಸಿ ಕೇಳಿ ಸರಿ ಮಾಡುವುದಿದೆ. ಕರಡು ತಿದ್ದಲು ಬಿಡುವಿರುವವರು ದಯವಿಟ್ಟು ತಿಳಿಸಿ, ಬೇಕಾದ ಅಧ್ಯಾಯ ಕಳಿಸುತ್ತೇನೆ. ಅದು ಮುಗಿದ ಕೂಡಲೇ ಗೀನಾ ಕ್ರೋಗ್ ಅವರ ಕಥೆ ಶುರು ಮಾಡುತ್ತೇನೆ. ಅಪ್ಪ ಈಗಾಗಲೇ ಫೋನಿನಲ್ಲಿ ಅದನ್ನೇ ಕೇಳುತ್ತಿದ್ದಾರೆ.